ಹಿಮಕ್ಕೆ ಅತ್ತ ಸಾರ್

ನಿನ್ನೆ ಚಿಕ್ಕಬಳ್ಳಾಪುರದಲ್ಲಿ ಕಬ್ಬಿನ ಹಾಲಿನ ಗಾಡಿಯ ಮುಂದೆ ನಿಂತಿದ್ದೆ. ಐಸ್ ಗಡ್ಡೆಯ ಮೇಲೆ ಮಸಿಯ ಚೂರೊಂದು ಬಿದ್ದು, ಬಿದ್ದಲ್ಲೇ ಗುಳಿ ತೋಡಿಕೊಂಡು ಕೂತಿತ್ತು. ಪಕ್ಕದ ಮನೆ ಸಾರ್ ನೆನಪಾದರು. ಬಾಯಿ ಕಹಿಯಾಯಿತು.

ಆಗ ನಾವು ಶಿಡ್ಲಘಟ್ಟದಲ್ಲಿದ್ದೆವು. ಸಾರ್ ವಿಜ್ಞಾನಿ. ಉತ್ತರ ಧ್ರುವದ ಕಡೆ, ಸಮುದ್ರದ ದಡದಲ್ಲಿ ಗಾಳಿಯಲ್ಲಿನ ಧೂಳು ಹಿಡಿದು ಪರೀಕ್ಷೆ ಮಾಡಿ ಬಂದವರು. ಅವರಿಗೂ ಅವರಣ್ಣನಿಗೂ ಸೇರಿದ ಫಿಲೇಚರ್ ನಮ್ಮ ಗೋಡೆಗೇ ಅಂಟಿಕೊಂಡಿತ್ತು. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಶೆಡ್ಡು. ಅದರ ಚಿಮಣಿ ನಮ್ಮ ಕಿಟಕಿಯಷ್ಟೇ ಎತ್ತರ. ಕಿಟಕಿಯ ಒಳಗೆ ನಮ್ಮಮ್ಮ, ಉಬ್ಬಸದವಳು.

ರಜಕ್ಕೆ ಬಂದಾಗಲೆಲ್ಲ ಸಾರ್ ನಮ್ಮ ಜಗಲಿಯಲ್ಲಿ ಓಣಿಯವರಿಗೆಲ್ಲ ಪಾಠ ಹೇಳುತ್ತಿದ್ದರು. ಒಂದು ಸಲ ಎರಡು ಐಸ್ ತುಂಡು ಬಿಸಿಲಿಗಿಟ್ಟು ಒಂದಕ್ಕೆ ಮಸಿ ಸವರಿದರು. ಮಸಿಯದು ಮೊದಲು ಕರಗಿತು. ಧ್ರುವದಲ್ಲೂ ಹೀಗೇ ಅಂದರು. ಅಲೆ ಎರಚಿದ ಉಪ್ಪು, ಹಕ್ಕಿ ಹಿಕ್ಕೆಯ ಆವಿಯಿಂದ ಹುಟ್ಟಿದ ಕಣ, ಇವೆಲ್ಲ ಬೇಸಿಗೆಯಲ್ಲಿ ಮೋಡ ಕಟ್ಟಿ ಒಂದಿಷ್ಟು ಬಿಸಿಲು ತಡೆಯುತ್ತವಂತೆ. ದೂರದೂರುಗಳ ಹೊಗೆ ಮಾತ್ರ ಹಿಮದ ಮೇಲೆ ಮಸಿಯಾಗಿ ಕೂತು, ಬಿಸಿಲು ಹೀರಿ ಕರಗಿಸುತ್ತದಂತೆ. ಹೇಳುತ್ತಾ ಅವರ ಕಣ್ಣು ಒದ್ದೆಯಾಯಿತು... ಹಿಮಕ್ಕೆ.

ಅಮ್ಮ ಒಳಗಿಂದ ಕೆಮ್ಮುತ್ತಲೇ ಕೇಳಿದಳು, "ಏನಪ್ಪಾ, ಆ ಹೊಗೆ ಅಲ್ಲೀಗಂಟ ಹೋಗಕ್ಕೆ ನಮ್ಮನೆ ಒಳಗೇನಾ ದಾರಿ?"

ಕೂತವರೆಲ್ಲ ನಕ್ಕರು. ಸಾರೂ ನಕ್ಕರು. ನಾನು ನಗಲಿಲ್ಲ.

"ಸಾರ್, ಚಿಮಣಿ ಒಂದತ್ತಡಿ ಎತ್ತರ ಮಾಡ್ಸಿ. ಅಮ್ಮ ಉಸಿರಾಡ್ಲಿ."

"ಅದೆಲ್ಲ ಅಣ್ಣ ನೋಡ್ಕೋತಾನೆ ಕಣಪ್ಪ. ನಾನು ತಲೆ ಹಾಕಲ್ಲ."

"ಪಾಲು ತಗೊಳ್ಳೋವಾಗ ಕೈ ಹಾಕ್ತೀರಲ್ಲ ಸಾರ್?"

ಅವರು ವಾಚು ನೋಡಿಕೊಂಡು ಎದ್ದರು. ಬೆಂಗಳೂರಲ್ಲಿ ಹಿಮದ ಬಗ್ಗೆ ಭಾಷಣವಿತ್ತು.

ಆ ಮಳೆಗಾಲ ಹೊಗೆ ಮೇಲೇಳದೆ ನಮ್ಮ ಮನೆಯಲ್ಲೇ ನಿಂತಿತು. ಅಮ್ಮ ಹೋದಳು. ತಿಥಿಗೆ ಬಂದ ಸಾರ್ ಬಾಗಿಲಲ್ಲೇ ನಿಂತು ಕರ್ಚೀಫಿನಲ್ಲಿ ಮೂಗು ಮುಚ್ಚಿಕೊಂಡಿದ್ದರು. ಹೊಗೆ ಅವರಿಗೆ ಆಗಿಬರುತ್ತಿರಲಿಲ್ಲವಂತೆ.

ಆ ಮನುಷ್ಯ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅದಕ್ಕೇ ಇವತ್ತಿಗೂ ಮೈ ಉರಿಯುತ್ತದೆ. ಗೊತ್ತಿಲ್ಲದವನಾಗಿದ್ದರೆ ಬಿಟ್ಟುಬಿಡುತ್ತಿದ್ದೆ.

ನಿನ್ನೆ ಗಾಡಿಯವನು ಆ ಮಸಿಯನ್ನು ಉಗುರಿನಿಂದ ಕಿತ್ತೆಸೆದು, ಗಡ್ಡೆಯ ಮೇಲೆ ಗೋಣಿಚೀಲ ಎಳೆದ. "ಐಸ್ ಹಾಕ್ಲಾ?" ಅಂದ.

"ಬೇಡಣ್ಣ, ಅಮ್ಮಂಗೆ ಉಬ್ಬಸ ಏಳುತ್ತೆ," ಅಂದೆ.

ಅಂದ ಮೇಲೆ ಗೊತ್ತಾಯಿತು... ಕುಡಿಯುವವನು ನಾನೊಬ್ಬನೇ.