ಈರಣ್ಣಜ್ಜ ಅಂದ ‘ಬರ್ರಿ’

ಕಾದ ಗರಸು ಮಣ್ಣಿನ ಮೇಲೆ ಪೈಪಿನ ನೀರು ಬಿದ್ದರೆ ಏಳುತ್ತದಲ್ಲ, ಆ ವಾಸನೆ ನಿಮಗೂ ಗೊತ್ತಿರಬೇಕು. ಹೋದ ಭಾನುವಾರ ಕುರುಗೋಡಿನಾಚೆಯ ದೊರೆ ಬಂಗ್ಲೆಯ ಗೇಟು ದಾಟುತ್ತಲೇ ಅದು ಮೂಗಿಗೆ ಬಡಿಯಿತು. ನಿಂತುಬಿಟ್ಟೆ. “ಮಂಡಿ ನೋವಾ ಅತ್ತಿ?” ಎಂದಳು ತಮ್ಮನ ಮಗಳು ವೀಣಾ. ಹೌದೆಂದೆ. ಎಪ್ಪತ್ತು ದಾಟಿದವರಿಗೆ ಮಂಡಿ ಬಹಳ ಒಳ್ಳೆಯ ಎಕ್ಸ್‌ಕ್ಯೂಸ್.

ಬಳ್ಳಾರಿಯ ಸತ್ಯನಾರಾಯಣಪೇಟೆಯಿಂದ ಪಿಕ್ನಿಕ್ ಎಂದೇ ಹೊರಟಿದ್ದೆವು. ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ಒಗ್ಗರಣೆ ಮಂಡಕ್ಕಿ, ತಲೆಗೆ ನನ್ನ ಹಳೆಯ ಸ್ಟ್ರಾ ಹ್ಯಾಟು. ಅದರಲ್ಲಿ ನಾನು ಹೊಲದ ಬೆದರುಬೊಂಬೆಯಂತೆ ಕಾಣುತ್ತೇನಂತೆ. ಕಾಣಲಿ. ಬಂಗ್ಲೆಗೆ ಹೊಸದಾಗಿ ಸುಣ್ಣ ಬಳಿದಿದ್ದಾರೆ. ವೆರಾಂಡದ ಕಂಬಗಳು ಹಾಗೆಯೇ ಇವೆ. ಗುಲಾಬಿ ಮಡಿಗಳಿದ್ದಲ್ಲಿ ಈಗ ಬರೀ ಲಾನು.

ಆ ಗುಲಾಬಿ ಬೆಳೆಸಿದವನು ಬಂಗ್ಲೆಯ ಮಾಲಿ ಈರಣ್ಣಜ್ಜ. ಸಿರುಗುಪ್ಪದವನು, ನನ್ನ ಅಜ್ಜಿಯ ಒಡಹುಟ್ಟಿದ ಖಾಸಾ ಅಣ್ಣ. ಬಳ್ಳಾರಿಗೆ ಬಂದಾಗಲೆಲ್ಲ ಊಟ ನಮ್ಮ ಮನೆಯಲ್ಲೇ. “ಲೇ ಇಂಗ್ಲೀಷ್ ಹುಡುಗಿ, ನೀರು ತಾರಲೇ! ನಿನ್ನ ವಾಟರ್ ಬ್ಯಾಡ, ನಮ್ಮ ನೀರು ತಾ” ಎಂದು ಬಾಗಿಲಿನಿಂದಲೇ ಕೂಗುತ್ತಿದ್ದ.

ಎಂಟನೇ ಕ್ಲಾಸಿನಲ್ಲಿ ಕಾನ್ವೆಂಟಿನವರು ನಮ್ಮನ್ನು ಇಲ್ಲಿಗೇ ಎಕ್ಸ್‌ಕರ್ಷನ್ ಕರೆತಂದರು. ಹುಡುಗಿಯರೆಲ್ಲ ಕಾರಂಜಿಯ ಕಡೆ ಓಡಿದ್ದರು. ಸಿಸ್ಟರಿಗೆ ಕನ್ನಡ ಬಾರದು. ಇಂಟರ್‌ಪ್ರಿಟರ್ ಎಂದು ನನ್ನೊಬ್ಬಳನ್ನು ಪಕ್ಕದಲ್ಲಿ ಇಟ್ಟುಕೊಂಡಿದ್ದರು. ನನ್ನ ಜಂಬ ಕೇಳಬೇಡಿ. ಅಜ್ಜ ಪೈಪು ಕೆಳಗೆ ಬಿಟ್ಟು, ಧೋತರಕ್ಕೆ ಕೈ ಒರೆಸುತ್ತ ಬಂದ. ಮೊಣಕಾಲವರೆಗೆ ಕೆಸರು.

“ಅಮ್ಮಾರ, ಈಕಿ ನಮ್ಮ ಮೊಮ್ಮಗಳಾಗಬೇಕ್ರಿ! ಖಾಸಾ ತಂಗಿ ಮೊಮ್ಮಗಳು. ಚಲೋ ಓದತಾಳೇನ್ರಿ?”

“ವಾಟ್ ಈಸ್ ಹಿ ಸೇಯಿಂಗ್, ಚೈಲ್ಡ್?” ಎಂದರು ಸಿಸ್ಟರ್.

ಅವನ ಕಾಲು ನೋಡಿದೆ. ನನ್ನ ಪಾಲಿಶ್ ಶೂ ನೋಡಿದೆ. “ಹಿ ಸೇಸ್ ದಿ ಟ್ರೀಸ್ ಆರ್ ವೆರಿ ಓಲ್ಡ್, ಸಿಸ್ಟರ್.”

ಸಿಸ್ಟರ್ ತಲೆಯೆತ್ತಿ ಮರ ನೋಡಿ “ಲವ್ಲಿ” ಎಂದರು. ಅಜ್ಜನಿಗೆ ಎಬಿಸಿಡಿ ಬಾರದು. ಆದರೆ ಮೊಮ್ಮಗಳೆಂದು ಹೇಳಿದರೆ ಯಾರಾದರೂ ಮೊಮ್ಮಗಳನ್ನಲ್ಲವೇ ನೋಡುವುದು? ಅವನೂ ಮರ ನೋಡಿದ, ಆಮೇಲೆ ನನ್ನನ್ನು. ನನ್ನ ಸುಳ್ಳು ಅವನಿಗೆ ತಿಳಿಯಲು ಅಷ್ಟು ಸಾಕಾಯಿತು.

ಹೊರಡುವಾಗ ಬಸ್ಸಿನ ಬಳಿ ಎಲ್ಲರಿಗೂ ಒಂದೊಂದು ಗುಲಾಬಿ ಕೊಟ್ಟ. ನನಗೂ. “ಹೋಗಿ ಬರ್ರಿ ಅಮ್ಮಾರ” ಎಂದ. ಸಿಸ್ಟರಿಗೆ ಅಂದಂತೆಯೇ, ನನಗೆ! ಸಿಟ್ಟಿರಲಿಲ್ಲ, ಚುಚ್ಚುಮಾತೂ ಅಲ್ಲ. ನನ್ನ ಸುಳ್ಳು ಬಯಲಾಗದಂತೆ ಕಾಯ್ದ. ಆಮೇಲೂ ಮನೆಗೆ ಬರುತ್ತಿದ್ದ, ನೀರು ಕೇಳುತ್ತಿದ್ದ. ಬದುಕಿರುವವರೆಗೆ ಮತ್ತೆ ‘ಲೇ’ ಎನ್ನಲಿಲ್ಲ. ಸಾರಿ ಹೇಳಲೆಂದು ಎಷ್ಟು ಸಲ ಅವನ ಎದುರು ಹೋಗಿ ನಿಂತೆನೋ. ಲೋಟ ಕೊಟ್ಟು ಒಳಗೆ ಬಂದುಬಿಡುತ್ತಿದ್ದೆ.

ಮೊನ್ನೆ ಭಾನುವಾರ ಲಾನಿಗೆ ನೀರು ಹಾಯಿಸುತ್ತಿದ್ದ ಹೆಂಗಸು ಕೇಳಿದಳು: “ಯಾರ ಪೈಕಿ ಆಗಬೇಕ್ರಿ ಅಮ್ಮಾ? ಆಗಳಿಂದ ಒಂದ ಕಡೆ ನೋಡಾಕತ್ತೀರಿ.”

“ಇಲ್ಲಿ ಮಾಲಿ ಇದ್ದನಲ್ಲವಾ, ಈರಣ್ಣ. ಅವನ ಮೊಮ್ಮಗಳದೀನಿ.”

“ಯಾವ ಈರಣ್ಣರೀ? ನಾ ಬಂದು ಎರಡ ವರ್ಸ ಆತು. ಗೊತ್ತಿಲ್ಲ ನೋಡ್ರಿ.”

ಗೊತ್ತಿದ್ದವರು ಇಲ್ಲಿ ಈಗ ಯಾರೂ ಉಳಿದಿಲ್ಲ. “ಇಷ್ಟ ದಿನ ಹೇಳೇ ಇಲ್ಲಲ್ಲ ಅತ್ತಿ!” ಎಂದಳು ವೀಣಾ. “ಕೂಡು, ಹೇಳತೀನಿ” ಎಂದೆ. ಆ ಹೆಂಗಸೂ ಬಂದು ಕೂತಳು. ಮೊದಲು ಅವನ ಹೆಸರು ಹೇಳಿದೆ, ಊರು ಹೇಳಿದೆ. ಆಮೇಲೆ, ಅಂದು ನಾನು ಸಿಸ್ಟರಿಗೆ ಹೇಳಿದ್ದ ಆ ಒಂದು ಸುಳ್ಳು ಸಾಲನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ.