ಇಲ್ಲದ ಚಿನ್ನದ ಅಪವಾದ

ನಿಧಿಯ ಕತೆ ಹೇಳುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು, ಯಾವುದೋ ದೇಶದ ರಾಜನ ಸಮಾಧಿ ಅಗೆದರಂತೆ, ಚಿನ್ನ ಸಿಕ್ಕಿತಂತೆ, ಮುಟ್ಟಿದವರೆಲ್ಲ ಶಾಪ ತಟ್ಟಿ ಸತ್ತರಂತೆ ಎಂದು ಕಣ್ಣರಳಿಸಿ ಶುರುಮಾಡಿದರೆ ನಾನು ಕಿಟಕಿಯ ಕಡೆ ತಿರುಗಿಬಿಡುತ್ತೇನೆ. ಶಾಪ ಯಾರ ಬಾಯಿಂದ ಹೊರಟು ಯಾರ ತಲೆಯ ಮೇಲೆ ಕೂರುತ್ತದೆ ಎಂಬುದನ್ನು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ.

ಚಿಕ್ಕನಾಯಕನಹಳ್ಳಿ ಕಡೆಯ ನಮ್ಮೂರಿನ ಗುಡ್ಡದ ತಪ್ಪಲಲ್ಲಿ ನಮ್ಮದೊಂದು ಬೆದ್ದಲು ಹೊಲವಿತ್ತು. ರಾಗಿ ಬಿಟ್ಟರೆ ಹುರುಳಿ, ಅದೂ ಮಳೆ ಬಂದರೆ. ಹೊಲದ ಮೇಲ್ತುದಿಯಲ್ಲಿ ಮಣ್ಣಿನಿಂದ ಅರ್ಧ ಮೇಲೆದ್ದ ದಪ್ಪ ಚಪ್ಪಡಿಗಳಿದ್ದವು. ಅದನ್ನು ಮೋರಿಯರ ಮನೆ ಎನ್ನುತ್ತಿದ್ದರು. ಹಿಂದೆ ಮೂರು ಗೇಣಿನ ಕುಳ್ಳ ಜನ ಇದ್ದರಂತೆ. ಬೆಂಕಿಯ ಮಳೆ ಸುರಿಯುತ್ತದೆ ಎಂದು ಗೊತ್ತಾಗಿ ಕಲ್ಲಿನ ಮನೆ ಕಟ್ಟಿಕೊಂಡು ಒಳಗೆ ಸೇರಿಕೊಂಡರಂತೆ, ಅಲ್ಲೇ ಸತ್ತರಂತೆ. ಕತೆ ಚೆನ್ನಾಗಿಯೇ ಇತ್ತು. ಕುರಿ ಕಾಯುವವರು ಆ ಚಪ್ಪಡಿಯ ಮೇಲೆ ಕೂತು ಬುತ್ತಿ ಉಣ್ಣುತ್ತಿದ್ದರು, ಯಾರಿಗೂ ಏನೂ ಆಗಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ನಾನು ತಿಪಟೂರಿನಲ್ಲಿ ಪಿಯುಸಿ ಓದುತ್ತಿದ್ದೆ, ರಜಕ್ಕೆ ಊರಿಗೆ ಬಂದಿದ್ದೆ. ಆ ಹೊಲಕ್ಕೂ ತೆಂಗು ಹಾಕಬೇಕೆಂದು ಅಪ್ಪ ಮುಂಗಾರಿಗೆ ಮುಂಚೆ ಗುಂಡಿ ತೆಗೆಸುತ್ತಿದ್ದ. ಮೇಲ್ತುದಿಯ ಸಾಲಿನಲ್ಲಿ ಹಾರೆ ಕಲ್ಲಿಗೆ ತಗುಲಿ ಠಣ್ಣೆಂದಿತು. ಮಣ್ಣು ಸರಿಸಿದರೆ ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಮುಚ್ಚಿದ ಪೆಟ್ಟಿಗೆಯಂಥ ಕೋಣೆ. ಒಂದು ಚಪ್ಪಡಿಯಲ್ಲಿ ದುಂಡಗೆ ಕೊರೆದ ಕಂಡಿ. ಅಷ್ಟು ಹೊತ್ತಿಗೆ ಮುದ್ದೆ, ಸಾರು ಹೊತ್ತುಕೊಂಡು ಅತ್ತೆ ಬಂದಳು.

ಅತ್ತೆ ಅಪ್ಪನ ಅಕ್ಕ. ಮದುವೆಯಾದ ಮೂರೇ ವರ್ಷಕ್ಕೆ ಗಂಡ ಸತ್ತು ತವರಿಗೆ ಬಂದವಳು. ನಮ್ಮ ಮನೆಯ ಕೊಬ್ಬರಿ ಎಂದರೆ ಅತ್ತೆಯ ಕೈ. ತೆಂಗಿನಕಾಯಿಯನ್ನು ಅಟ್ಟದಲ್ಲಿ ಹರಡಿ ವರ್ಷದ ಹತ್ತಿರ ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಬಲಿತದ್ದು ಯಾವುದು, ಹಸಿಯಿರುವುದು ಯಾವುದು ಎಂದು ಅವಳು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಹೇಳುತ್ತಿದ್ದಳು. "ಇದ್ರಾಗೆ ಇನ್ನೂ ನೀರೈತೆ, ಬುಡು" ಎಂದರೆ ಅದು ಮುಗಿದ ಮಾತು. ಅವಳು ಆರಿಸಿದ ಕೊಬ್ಬರಿಯಲ್ಲಿ ಕೊಳೆತದ್ದು ಇರುತ್ತಿರಲಿಲ್ಲ. ಮಂಡಿಯವರು ನಮ್ಮ ಮೂಟೆಯನ್ನು ಹೆಚ್ಚು ಕೆದಕದೆ ತೂಕಕ್ಕೆ ಹಾಕುತ್ತಿದ್ದರು.

ಆ ದಿನ ಕಂಡಿಯಲ್ಲಿ ಬಗ್ಗಿ ನೋಡಿದವರು ನಾವೆಲ್ಲ. ಅಪ್ಪ ನೋಡಿದ, ಗುಂಡಿ ತೆಗೆಯುವವರು ನೋಡಿದರು, ನಾನು ನೋಡಿದೆ. ಅತ್ತೆಯೂ ಮುದ್ದೆಯ ಪುಟ್ಟಿ ಇಳಿಸಿ ಒಂದು ಸಲ ಬಗ್ಗಿದಳು. ಒಳಗೆ ಮಡಕೆಗಳಿದ್ದವು. ಹೊರಗೆ ಕೆಂಪು, ಬಾಯಿಯ ಹತ್ತಿರ ಕಪ್ಪು, ನುಣ್ಣಗೆ ಹೊಳೆಯುತ್ತಿದ್ದವು. ಅಂಥ ಮಡಕೆಯನ್ನು ನಾನು ಯಾವ ಸಂತೆಯಲ್ಲೂ ನೋಡಿರಲಿಲ್ಲ. ಒಳಗೆ ನಿಧಿಯೇ ಇದೆ ಎಂದು ಅಪ್ಪ ತೀರ್ಮಾನಿಸಿಬಿಟ್ಟ. "ಯಾರೂ ಮುಟ್ಬ್ಯಾಡ್ರಿ ಕಣ್ರಲಾ" ಎಂದು ಎಲ್ಲರನ್ನೂ ಹಿಂದಕ್ಕೆ ತಳ್ಳಿ, ತಾನೇ ಒಳಗೆ ಕೈಹಾಕಿ ಒಂದೊಂದನ್ನೇ ಎತ್ತಿ ಕಲ್ಲಿಗೆ ಬಡಿದ. ನೆಟ್ಟಗೆ ಬಗ್ಗಿಸಿ ಸುರಿಯಬಹುದಿತ್ತು! ಚಿನ್ನ ಎಂದ ಕೂಡಲೇ ಮನುಷ್ಯನಿಗೆ ಮಡಕೆ ಬಗ್ಗಿಸುವಷ್ಟೂ ತಾಳ್ಮೆ ಇರುವುದಿಲ್ಲ. ಬೂದಿ ಸುರಿಯಿತು, ಇದ್ದಿಲು ಸುರಿಯಿತು, ಸುಣ್ಣದ ಹರಳಿನಂಥ ಬಿಳಿಯ ಚೂರುಗಳು, ತುಕ್ಕು ತಿಂದ ಒಂದು ಕುಡುಗೋಲು. ಅಷ್ಟೇ.

ಅಷ್ಟಕ್ಕೇ ಬಿಟ್ಟಿದ್ದರೆ ನಕ್ಕು ಮರೆಯಬಹುದಾಗಿತ್ತು. ಅಪ್ಪ ದೂರದ ಊರಿನಿಂದ ಅಂಜನ ನೋಡುವವನೊಬ್ಬನನ್ನು ಕರೆಸಿದ. ವೀಳ್ಯದೆಲೆಗೆ ಕಪ್ಪು ಬಳಿದು ದಿಟ್ಟಿಸಿದ ಆ ಮಹಾನುಭಾವ ನಡುಮನೆಯಲ್ಲಿ ಕೂತು ತೀರ್ಪು ಕೊಟ್ಟ.

"ಚಿನ್ನ ಇತ್ತು ಕಣಪ್ಪ, ತುಂಬ್ಕಂಡಿತ್ತು. ಗಂಡ ಇಲ್ದೋಳ ಕಣ್ಣು ಬಿದ್ದು ಇದ್ಲಾಗೋಯ್ತು. ಚೆಲ್ಬ್ಯಾಡ, ಕಟ್ಟಿ ಅಟ್ಟದ ಮ್ಯಾಲೆ ಇಕ್ಕು. ಆ ಕಣ್ಣು ಈ ಮನೆಯಿಂದ ದೂರಾದ್ರೆ ಒಂದಲ್ಲ ಒಂದಿನ ತಿರುಗಿ ಚಿನ್ನಾಯ್ತದೆ."

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಆ ಕಂಡಿಯಲ್ಲಿ ನಾನೂ ಬಗ್ಗಿ ನೋಡಿದ್ದೆ. ನನ್ನ ಕಣ್ಣಿನ ವಿಚಾರ ಯಾರೂ ಎತ್ತಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದ ಹುಡುಗಿ ನಾನು! ಇದ್ದಿಲು ಹೇಗೆ ಆಗುತ್ತದೆ ಎಂಬುದು ನನಗೆ ಗೊತ್ತಿತ್ತು. ಆ ದಿನದ ನನ್ನ ಮೌನದ ಮೇಲೆ ನನಗಿರುವಷ್ಟು ಸಿಟ್ಟು ಆ ಅಂಜನದವನ ಮೇಲೂ ಇಲ್ಲ.

ಬೂದಿ, ಇದ್ದಿಲು, ಬಿಳಿ ಚೂರು ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಏರಿಸಿದರು. ಮಾರನೆಯ ದಿನ ಅತ್ತೆ ಕಾಯಿ ನೋಡಲು ಏಣಿಯ ಮೇಲೆ ಕಾಲಿಟ್ಟರೆ ಅಪ್ಪ, "ಬ್ಯಾಡ ಕಣಕ್ಕ, ಇಳಿ" ಎಂದ. ಅವಳು ಇಳಿದಳು. ಹದಿನೈದು ದಿನಕ್ಕೆ ಅವಳನ್ನು ದಬ್ಬೇಘಟ್ಟದಲ್ಲಿದ್ದ ಅವಳ ಮೈದುನನ ಮನೆಗೆ ಬಿಟ್ಟುಬಂದ. ಸ್ವಲ್ಪ ದಿನ ಇದ್ದು ಬರಲಿ ಎಂದು ಅಮ್ಮನಿಗೆ ಹೇಳಿದ. ಅಲ್ಲಿ ಅವಳು ದನದ ಕೊಟ್ಟಿಗೆಯ ಪಕ್ಕದ ಸಣ್ಣ ಕೋಣೆಯಲ್ಲಿದ್ದು ಆ ಮನೆಯ ಮುಸುರೆ ತಿಕ್ಕಿಕೊಂಡು ಹತ್ತು ವರ್ಷ ಕಳೆದಳು. ನಮ್ಮ ಅಟ್ಟದಲ್ಲಿ ಕೊಬ್ಬರಿ ಕೊಳೆಯತೊಡಗಿತು. ಅದಕ್ಕೂ ಅವಳ ಕಣ್ಣೇ ಕಾರಣವೆಂದರು. ಕಾಯಿ ಅಲ್ಲಾಡಿಸಿ ನೋಡುವ ಕೈ ಇಲ್ಲವಾದ್ದರಿಂದ ಎಂದು ಒಬ್ಬರೂ ಹೇಳಲಿಲ್ಲ.

ಎಂಬತ್ತರ ದಶಕದಲ್ಲಿ ನಾನು ಹೈಸ್ಕೂಲಿನಲ್ಲಿ ಟೀಚರಾಗಿದ್ದೆ. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಬೆಂಗಳೂರಿನ ಒಂದು ವಸ್ತುಸಂಗ್ರಹಾಲಯಕ್ಕೆ ಹೋದಾಗ ಗಾಜಿನ ಪೆಟ್ಟಿಗೆಯೊಳಗೆ ಅದೇ ಮಡಕೆ! ಅದೇ ಕೆಂಪು, ಅದೇ ಕಪ್ಪು. ಏನಿದು ಎಂದು ವಿಚಾರಿಸಿದೆ. ಅಲ್ಲಿನ ಅಧಿಕಾರಿಯೊಬ್ಬರು, ಇವು ಎರಡು ಮೂರು ಸಾವಿರ ವರ್ಷದ ಹಿಂದಿನ ಸಮಾಧಿಯ ಮಡಕೆಗಳು, ಸತ್ತವರ ಮೂಳೆಯನ್ನು ಜೋಪಾನವಾಗಿ ಆರಿಸಿ ಇವುಗಳಲ್ಲಿ ಇಡುತ್ತಿದ್ದರು, ಜೊತೆಗೆ ಅವರು ಬಳಸಿದ ಕಬ್ಬಿಣದ ಸಾಮಾನನ್ನೂ ಇಡುತ್ತಿದ್ದರು ಎಂದು ವಿವರಿಸಿದರು.

"ಚಿಕ್ಕನಾಯಕನಹಳ್ಳಿ ಕಡೆ ನಮ್ಮ ಹೊಲದಲ್ಲೂ ಇಂಥವು ಸಿಕ್ಕಿದ್ದವು. ಚಿನ್ನ ಇರುತ್ತಿತ್ತಾ ಸಾರ್?" ಎಂದೆ.

ಅವರು ನಕ್ಕರು. "ಎಲ್ಲರೂ ಅದನ್ನೇ ಕೇಳ್ತಾರೆ ಮೇಡಂ. ನಿಮ್ಮ ಕಡೆ ಸಿಕ್ಕಿರೋದೆಲ್ಲ ಮೂಳೆ, ಬೂದಿ. ಇಂಥ ಕಲ್ಮನೆ ಯುರೋಪಿನಲ್ಲೂ ಇವೆ, ಕೊರಿಯಾದಲ್ಲೂ ಇವೆ. ಕೆಲವು ಕಡೆ ರಾಕ್ಷಸರು ಕಟ್ಟಿದ್ದು ಅಂತಾರೆ, ನಮ್ಮಲ್ಲಿ ಕುಳ್ಳರು ಕಟ್ಟಿದ್ದು ಅಂತಾರೆ."

ಲೋಕದ ಜನವೆಲ್ಲ ಕತೆ ಕಟ್ಟಿಕೊಂಡಿದ್ದಾರೆ, ಕಟ್ಟಿಕೊಳ್ಳಲಿ. ರಾಕ್ಷಸರ ಕತೆಯಿಂದ ಯಾರ ಮನೆಯ ಹೆಣ್ಣಿಗೂ ಅನ್ನ ತಪ್ಪುವುದಿಲ್ಲ. ನಮ್ಮ ಮನೆಯವರಿಗೆ ಕತೆ ಸಾಲದೆ ತಪ್ಪು ಹೊರಲು ಒಬ್ಬಳು ಬೇಕಾದಳು.

ಆ ಭಾನುವಾರವೇ ಊರಿಗೆ ಹೋಗಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅಪ್ಪ ಎಲೆಗೆ ಸುಣ್ಣ ಸವರುತ್ತ ಕೂತಿದ್ದ. "ಅದೆಲ್ಲ ಪುಸ್ತಕದ ಮಾತು ಕಣಮ್ಮ. ಚಿನ್ನ ಇತ್ತು" ಎಂದ. ಚಿನ್ನ ಇರಲಿಲ್ಲ ಎಂದು ಒಪ್ಪಿದರೆ ಒಡಹುಟ್ಟಿದವಳನ್ನು ಸುಮ್ಮಸುಮ್ಮನೆ ಹೊರಗೆ ಹಾಕಿದವನು ತಾನು ಎಂದು ಒಪ್ಪಬೇಕಲ್ಲ! ಆ ಬೂದಿಯ ಮೂಟೆ ಇನ್ನೂ ಅಟ್ಟದಲ್ಲೇ ಇತ್ತು. ನಾನು ಕೂಗಾಡಿದೆ. ಅಮ್ಮ ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು.

ಮುಂದಿನ ವಾರ ಮೂರು ವರ್ಷದ ನನ್ನ ಮಗಳನ್ನು ಕರೆದುಕೊಂಡು ದಬ್ಬೇಘಟ್ಟದ ಬಸ್ಸು ಹತ್ತಿದೆ. ಅತ್ತೆ ಹಿತ್ತಲಲ್ಲಿ ಗರಿ ಸೀಳಿ ಪೊರಕೆ ಕಟ್ಟುತ್ತಿದ್ದಳು. ಮಗು ಓಡಿ ಹತ್ತಿರ ಹೋದ ಕೂಡಲೇ ಸೆರಗನ್ನು ಕಣ್ಣಿಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. "ಮಗೀನ ಆಕಡೆ ಕರ್ಕಳೇ, ನನ್ ಕಣ್ ಬೀಳ್ತದೆ" ಎಂದಳು. ಹತ್ತು ವರ್ಷದಲ್ಲಿ ಅವಳೂ ಅದನ್ನು ನಂಬಿಬಿಟ್ಟಿದ್ದಳು.

ಪಕ್ಕದಲ್ಲಿ ಕೂತು ಮಡಕೆಯ ವಿಚಾರವನ್ನು ಹೇಳಿದೆ. ನಾನು ಅಂದು ಸುಮ್ಮನಿದ್ದದ್ದನ್ನೂ ಹೇಳಿದೆ. ಅವಳು ಗರಿ ಸೀಳುವುದನ್ನು ನಿಲ್ಲಿಸಲಿಲ್ಲ.

"ಮೂಟೆ ಏನಾಯ್ತು?"

"ಅಟ್ಟದಲ್ಲೇ ಇದೆ ಅತ್ತೆ."

"ಯಾವನೋ ಸತ್ತೋನ ಮೂಳೆಗೆ ನಮ್ಮಪ್ಪ ಕಟ್ಟಿದ್ ಮನೇಲಿ ಜಾಗ ಐತೆ. ನಾನು ಬದ್ಕಿದ್ದೆ ಕಣೇ!" ಎಂದಳು. ಅವಳು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮಗಳ ಮುಖವನ್ನು ಒಂದು ಸಲ ನೋಡು ಎಂದು ಬೇಡಿಕೊಂಡೆ. ಅತ್ತೆ ತಲೆ ಅಲ್ಲಾಡಿಸಿದಳು. "ನೀನ್ ಹೇಳಿದ್ರೆ ಆಗಕಿಲ್ಲ. ನಿಮ್ಮಪ್ಪ ಬರ್ಲಿ. ನಿನ್ ಕಣ್ಣಲ್ಲಿ ಏನೂ ಇಲ್ಲ ಕಣಕ್ಕ, ನೋಡು ಅಂತ ಅವ್ನ್ ಬಾಯಲ್ಲಿ ಹೇಳ್ಲಿ. ನೋಡ್ತೀನಿ."

ನಾನು ಅಪ್ಪನಿಗೆ ಹೇಳಿದೆ. ಕಾಗದ ಬರೆದೆ, ಜಗಳವಾಡಿದೆ, ಒಂದು ವರ್ಷ ಊರಿಗೆ ಹೋಗುವುದನ್ನೇ ಬಿಟ್ಟೆ. ಅಪ್ಪ ದಬ್ಬೇಘಟ್ಟಕ್ಕೆ ಹೋಗಲಿಲ್ಲ. ಹೋದದ್ದು ಅತ್ತೆ ತೀರಿಕೊಂಡ ದಿನ. ಬಂದವನೇ ಮುಖದ ಮೇಲಿನ ಬಟ್ಟೆ ಸರಿಸಿ "ಅಕ್ಕಾ" ಎಂದು ಗೊಳೋ ಎಂದು ಅತ್ತ. ಸುತ್ತ ನಿಂತವರೆಲ್ಲ ಪಾಪ ಎಂದರು. ನಾನು ಮಗಳನ್ನು ಎತ್ತಿಕೊಂಡು ಹೋಗಿ ಅವನ ಎದುರಿಗೆ ನಿಂತೆ.

"ಈಗ ಹೇಳಪ್ಪ" ಎಂದೆ, ಎಲ್ಲರಿಗೂ ಕೇಳುವ ಹಾಗೆ.