ಡ್ರ್ಯಾಗನ್ ಜೊತೆ ಮಾತುಕತೆ

ರಾಜಾಜಿನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಕಾರ್ಖಾನೆಯೊಂದರ ಯೂನಿಯನ್ ಲೀಡರು. ಎಲ್ಲೇ ಜಗಳವಾದರೂ ಎರಡೂ ಅಂಗೈಗಳನ್ನು ಗಾಳಿಯಲ್ಲಿ ಮೆಲ್ಲಗೆ ಒತ್ತಿ, "ಮೊದ್ಲು ಮಾತಾಡೋಣ" ಎನ್ನುತ್ತಿದ್ದರು.

ಎಂಬತ್ತರ ದಶಕದ ಕೊನೆಯಲ್ಲಿ ಚಿಕ್ಕಪ್ಪ ಜಪಾನಿನಿಂದ ಒಂದು ವಿಡಿಯೊ ಗೇಮ್ ತಂದ. ಟಿವಿಗೆ ಸಿಕ್ಕಿಸಿದರೆ ಪುಟ್ಟ ವೀರನೊಬ್ಬ ಊರೂರು ಅಲೆದು, ಜನರನ್ನು ಮಾತಾಡಿಸಿ, ಎದುರಾದ ರಾಕ್ಷಸರನ್ನು ಕತ್ತಿಯಿಂದ ಹೊಡೆಯಬೇಕು. ಅಕ್ಷರವೆಲ್ಲ ಜಪಾನಿ. ನಾನೂ ಅಕ್ಕನೂ ಕಂಡಕಂಡದ್ದನ್ನೆಲ್ಲ ಹೊಡೆಯುತ್ತಿದ್ದೆವು. ನಮ್ಮ ಜೊತೆ ಆಡಲು ಬರುತ್ತಿದ್ದ ಪಕ್ಕದ ಮನೆಯ ಲೀಡರು ಮಾತ್ರ ಕತ್ತಿಯ ಗುಂಡಿ ಮುಟ್ಟದೆ, ರಾಕ್ಷಸರನ್ನೂ ಮಾತಾಡಿಸಲು ಹೋಗಿ ಪ್ರತಿಸಲ ಸಾಯುತ್ತಿದ್ದರು.

ಒಂದು ಭಾನುವಾರ ಕಡೆಯ ಡ್ರ್ಯಾಗನ್ ಎದುರು ನಾವಿಬ್ಬರೂ ಸೋತು, ಆಟವನ್ನು ಅವರ ಕೈಗೆ ಕೊಟ್ಟೆವು. ಅವರ ವೀರ ನೇರ ಅದರ ಮುಂದೆ ಹೋಗಿ ನಿಂತ. ಡ್ರ್ಯಾಗನ್ ಬಾಯಿ ತೆರೆಯಿತು, ಎರಡು ಸಾಲು ಅಕ್ಷರ ಮೂಡಿದವು, ಚಿತ್ರ ಅಲ್ಲೇ ನಿಂತುಬಿಟ್ಟಿತು.

"ಸ್ಟಕ್ ಆಗಿದೆ ಅಂಕಲ್," ಎಂದೆ.

"ಯೋಚ್ನೆ ಮಾಡ್ತಾ ಇದೆ ಕಣೋ. ಅವಸರ ಮಾಡ್ಬೇಡ."

ಸಂಜೆಯ ಸಿನಿಮಾ ನೋಡಲು ಬೀದಿಯ ಜನವೆಲ್ಲ ಬಂದು ಕೂತರು. ಲೀಡರು ಟಿವಿಗೆ ಅಡ್ಡ ನಿಂತು, "ಇನ್ನು ಹತ್ತೇ ನಿಮಿಷ ಕೊಡಿ" ಎಂದು ಕೈಮುಗಿದರು. ಅರ್ಧ ಗಂಟೆ ಕಳೆಯಿತು. ಸಿನಿಮಾ ಶುರುವಾಗಿ ಹೀರೋ ಬಂದಾಯ್ತೇನೋ ಎಂದು ಜನ ಕೂಗಾಡಿದಾಗ ಅಮ್ಮ ಗೇಮಿನ ವೈರು ಕಿತ್ತಳು. ಲೀಡರ ಕಣ್ಣು ತುಂಬಿತು.

ಸಿನಿಮಾದ ನಡುವೆ ಅಮ್ಮನಿಗೆ ತಡೆಯಲಾಗಲಿಲ್ಲ. ಅವರತ್ತ ಬಾಗಿ ಮೆಲ್ಲಗೆ ಕೇಳಿದಳು: "ಅಲ್ರೀ, ಅದು ಏನು ಕೇಳ್ತಾ ಇತ್ತು?"

"ವಾರಕ್ಕೊಂದು ರಜ, ಅಮ್ಮಾ," ಎಂದರು. "ನ್ಯಾಯವಾಗೇ ಇತ್ತು."